ಲೇಸರ್ ಕಟಿಂಗ್ ಸೂಪರ್, ಸ್ಟಿಕ್ಕರ್ ಮಾತ್ರ ಬೇಡ

ಆರ್ಕಿಟೆಕ್ಚರ್ ಥೀಸಿಸ್ ಮಾಡೆಲ್ ಮಾಡಿಸೋಕೆ ಹೈದರಾಬಾದ್‌ಗೇ ಹೋಗಬೇಕು ಅಂತ ಸೀನಿಯರ್‌ಗಳು ಸುಮ್ನೆ ಹೆದರಿಸುತ್ತಾರೆ. ಬೇಕಾಗಿಲ್ಲ. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಈ ಅಂಗಡಿಯಲ್ಲೇ ಆಗುತ್ತದೆ. ಐದಕ್ಕೆ ನಾಲ್ಕು ಸ್ಟಾರ್.

ನನ್ನ ವಿಷಯ ವಿಮಾನ ನಿಲ್ದಾಣದ ಟರ್ಮಿನಲ್. 2019ರ ನವೆಂಬರ್‌ನಲ್ಲಿ ಶುರುವಾದ ನಮ್ಮ ನಿಲ್ದಾಣಕ್ಕೆ ಮೂರು ಕಿಲೋಮೀಟರ್‌ಗೂ ಉದ್ದದ ರನ್‌ವೇ ಇದೆ. ಮುಂದೆ ಅಲ್ಲಿ ದೊಡ್ಡ ಟರ್ಮಿನಲ್ ಕಟ್ಟಿದರೆ ನಮ್ಮ ಬಿಸಿಲು, ಮಳೆ, ಭೂಕಂಪ ಮೂರಕ್ಕೂ ಜಗ್ಗದ ಹಾಗೆ ಹೇಗೆ ಕಟ್ಟಬೇಕು ಅನ್ನೋದು ಪ್ರಶ್ನೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟೋ ಊರಲ್ಲಿ ಸುತ್ತ ಗಾಜು ಹಾಕಿ ಎಸಿ ಓಡಿಸಿದರೆ ಬಿಲ್ ಯಾರು ಕಟ್ಟೋದು? ಛಾವಣಿಯನ್ನು ಎಷ್ಟೇ ಮುಂದಕ್ಕೆ ಚಾಚಿದರೂ ಸಂಜೆ ನಾಲ್ಕರ ಬಿಸಿಲು ಅದರ ಕೆಳಗಿಂದ ನುಗ್ಗುತ್ತದೆ. ಅದಕ್ಕೇ ಪಶ್ಚಿಮಕ್ಕೆ ಜಾಲಿ ಗೋಡೆ, ಅಂದರೆ ತುಂಬ ತೂತುಗಳಿರೋ ಜಾಲರಿ ಥರದ ಗೋಡೆ.

ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಾಳೆ) ಲೇಸರ್‌ನಿಂದ ಜಾಲಿ ಕತ್ತರಿಸಿದರೆ ಮೇಲೆಲ್ಲ ಹೊಗೆಯ ಕಲೆ ಕೂರುತ್ತದೆ. ಮಾಲೀಕರು (ಎಲ್ಲರಿಗೂ ಕಾಕಾನೇ) ಹಾಳೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಪವರ್ ಇಳಿಸಿ, ಎರಡು ಸಲ ಓಡಿಸಿದರು. ಟೇಪ್ ಕಿತ್ತಾಗ ಕಲೆಯೇ ಇಲ್ಲ. ಬೆಂಕಿಕಡ್ಡಿಯಷ್ಟು ತೆಳು ಪಟ್ಟಿ, ಒಂದೂ ಮುರಿದಿರಲಿಲ್ಲ. ಆಮೇಲೆ ಅವರೇ ಮೊಬೈಲ್ ಟಾರ್ಚ್ ಹಿಡಿದು, "ನಾಕರ ಬಿಸಲು ಎಲ್ಲಿಂದ ಬರ್ತದವ್ವಾ? ಇಲ್ಲಿಂದಾ?" ಅಂತ ಕೈ ತಗ್ಗಿಸಿದರು. ಬೆಳಕು ಜಾಲಿಯಲ್ಲಿ ಚೂರುಚೂರಾಗಿ ನೆಲಕ್ಕೆ ಬಿತ್ತು, ಚೆಕ್‌ಇನ್ ಕೌಂಟರ್ ಮುಟ್ಟಲಿಲ್ಲ. ಇಷ್ಟು ಮಾಡೋ ಅಂಗಡಿಯವರು ಎಲ್ಲಿ ಸಿಗ್ತಾರೆ ಹೇಳಿ.

ಕಟ್ಟಡವನ್ನು ಮೂರು ತುಂಡು ಮಾಡಿ ನಡುವೆ ಸಂದಿ ಬಿಟ್ಟಿದ್ದೆ. ಕಾಕಾ ಫೆವಿಕಾಲ್ ಹಿಡಿದು ಮುಚ್ಚೋಕೆ ಬಂದರು! ಭೂಮಿ ನಡುಗಿದಾಗ ಒಂದೊಂದು ತುಂಡು ಒಂದೊಂದು ಥರ ತೂಗುತ್ತದೆ, ಸಂದಿ ಇಲ್ಲದಿದ್ದರೆ ಡಿಕ್ಕಿ ಹೊಡೀತಾವೆ ಅಂದೆ. "ಕಿಲ್ಲಾರಿ ರಾತ್ರಿ ನಾವೆಲ್ಲ ಓಣ್ಯಾಗ ಕುಂತಿದ್ವಿ" ಅಂದರು. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆದ 1993ರ ಸೆಪ್ಟೆಂಬರ್ 30ರ ಮಾತು. ಆಮೇಲೆ ಸ್ಕೇಲ್ ಇಟ್ಟು ಆ ಸಂದಿ ಅಳೆದವರೂ ಅವರೇ.

ಜನರೇಟರ್, ಎಲೆಕ್ಟ್ರಿಕ್ ಪ್ಯಾನಲ್ ಕೋಣೆಗಳನ್ನು ಮೇಲ್ಮಹಡಿಗೆ ಒಯ್ದಿದ್ದೆ. 2018ರ ಆಗಸ್ಟ್‌ನಲ್ಲಿ ನೆರೆ ನುಗ್ಗಿ ಕೊಚ್ಚಿ ನಿಲ್ದಾಣ ಎರಡು ವಾರ ಮುಚ್ಚಿತ್ತಲ್ವಾ, ಆ ಭಯ. ಛಾವಣಿಗೆ ಎರಡು ಪದರ ಕೊಟ್ಟಿದ್ದೆ. ಜ್ಯೂರಿಗೆ (ಥೀಸಿಸ್ ನೋಡೋ ಪರೀಕ್ಷಕರಿಗೆ) ಒಳಗೆ ಕಾಣಲಿ ಅಂತ ಕಾಕಾ ಆ ಎರಡೂ ಪದರ ಎತ್ತಿ ಇಡೋ ಹಾಗೆ ಮಾಡಿಕೊಟ್ಟರು. ನಡುವೆ ಗಾಳಿ ಆಡೋ ಜಾಗವೂ ಚೆನ್ನಾಗಿ ಕಾಣುತ್ತದೆ. ತಳದಲ್ಲಿ ಎರೆಮಣ್ಣಿನ ಪದರ ದಾಟಿ ಗಟ್ಟಿ ನೆಲಕ್ಕೆ ಇಳಿಯೋ ಪಾಯವೂ ಕಾಣಬೇಕಿತ್ತು, ಅದೂ ಬಂತು.

ಇನ್ನು ಆ ಒಂದು ಸ್ಟಾರ್. ನೆಲಕ್ಕೆ ಶಹಾಬಾದ್ ಕಲ್ಲಿನ ಸ್ಟಿಕ್ಕರ್ ಪ್ರಿಂಟ್ ಕೇಳಿದ್ದೆ. ಬೂದು ಬಣ್ಣ ಹೋಗಿ ನೇರಳೆ ಬಂತು. ಶಹಾಬಾದ್ ಪಕ್ಕದಲ್ಲೇ ಇರೋ ಊರಿನವರು ಇದನ್ನು ಒಪ್ತಾರಾ? ಇನ್ನೊಮ್ಮೆ ಪ್ರಿಂಟ್ ಹಾಕಿದ್ದಕ್ಕೂ ದುಡ್ಡು ಹಿಡಿದರು, ಆಗಲೂ ಅದೇ ನೇರಳೆ.

ಡ್ರಾಯಿಂಗ್ ಫೈಲ್ ಡಿಎಕ್ಸ್‌ಎಫ್ ಫಾರ್ಮ್ಯಾಟ್‌ನಲ್ಲಿ ಒಯ್ಯಿರಿ, ಗೆರೆಗಳೆಲ್ಲ ಕೂಡಿರಲಿ. ಜ್ಯೂರಿ ಹತ್ತಿರ ಬಂದಾಗ ಹೋದರೆ "ನಾಳಿ ಬಾ" ಅಂತಾರೆ. ಕತ್ತರಿಸುವಾಗ ಕರೆಂಟ್ ಹೋದರೆ ಹಾಳಾದ ಹಾಳೆಯ ದುಡ್ಡು ಯಾರದ್ದು ಅನ್ನೋದನ್ನ ಮೊದಲೇ ಮಾತಾಡಿಕೊಳ್ಳಿ.