ಎರಡು ಮಾನಿಟರ್, ಒಂದು ಅವತಾರ್: ಕಣ್ಣು ಹಿಡಿಯಲು ಯಾವುದು ವಾಸಿ?

ಕ್ಯಾಮೆರಾ ಮುಂದೆ ನೀವು ತಲೆ, ಕಣ್ಣು ಆಡಿಸಿದಂತೆ ತಾನೂ ಆಡುವ ಚಿತ್ರದ ಗೊಂಬೆಯೇ ಅವತಾರ್. ಎರಡು ಮಾನಿಟರ್ ಇದ್ದಾಗ ಅದರ ನೋಟ ತಪ್ಪುವುದೇ ಇಲ್ಲಿನ ವಿಷಯ. 27 ಇಂಚಿನ ಮಾನಿಟರ್ ಸುಮಾರು 60 ಸೆಂ.ಮೀ. ಅಗಲ. ಎರಡನ್ನು ಒಂದೇ ಸಾಲಿನಲ್ಲಿಟ್ಟು, ಒಂದರೆದುರು 70 ಸೆಂ.ಮೀ. ದೂರದಲ್ಲಿ ಕೂತರೆ ಪಕ್ಕದ್ದರ ನಡುಮಧ್ಯ 40 ಡಿಗ್ರಿ ಆಚೆ ಬೀಳುತ್ತದೆ. ಅಷ್ಟಕ್ಕೆ ಯಾರೂ ಬರೀ ಕಣ್ಣು ಹೊರಳಿಸುವುದಿಲ್ಲ, ಕತ್ತೂ ತಿರುಗುತ್ತದೆ. ಹಾಗಾಗಿ ಪಕ್ಕದ ಪರದೆ ನೋಡಿದಾಗ ಅವತಾರ್ ಮೆಳ್ಳೆಗಣ್ಣು ಬಿಟ್ಟರೆ ಕಣ್ಣಿನ ಸೆಟ್ಟಿಂಗ್ ಒಂದನ್ನೇ ತಿರುವುತ್ತ ಕೂರುವುದು ದಂಡ. ಇಂಥ ಅವತಾರ್ ಆಡಿಸುವ ವಿಟ್ಯೂಬ್ ಸ್ಟುಡಿಯೋ ಸಾಫ್ಟ್‌ವೇರಿನಲ್ಲಿ ಆಗುವ ಮಾತನ್ನೇ ಇಲ್ಲಿ ಹೇಳಿದೆ.

ವೆಬ್‌ಕ್ಯಾಮ್ ತಲೆಯನ್ನು ಚೆನ್ನಾಗಿ ಹಿಡಿಯುತ್ತದೆ, ಸೋಲುವುದು ಕಣ್ಣಿನಲ್ಲಿ. 70 ಡಿಗ್ರಿ ನೋಟದ ಕ್ಯಾಮೆರಾಗೆ ಅದೇ ದೂರದಲ್ಲಿ ಸುಮಾರು 98 ಸೆಂ.ಮೀ. ಅಗಲ ಕಾಣುತ್ತದೆ. 1280 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಕಣ್ಣು 10 ಡಿಗ್ರಿ ಹೊರಳಿದರೂ ಪಾಪೆ ಸರಿಯುವುದು ಮೂರು ಪಿಕ್ಸೆಲ್ಲಿಗಿಂತ ಕಡಿಮೆ. 640ಕ್ಕೆ ಇಳಿಸಿದರೆ ಒಂದು ಚಿಲ್ಲರೆ. ಕಣ್ಣು ಪಟಪಟ ನಡುಗುವುದು ಇದಕ್ಕೇ. ಸ್ಮೂತಿಂಗ್ (ಚಲನೆಯನ್ನು ನಯವಾಗಿಸುವ ಸೆಟ್ಟಿಂಗ್) ಏರಿಸಿದರೆ ನಡುಕ ನಿಲ್ಲುತ್ತದೆ, ಆದರೆ ನೋಟ ತೇಲಿಕೊಂಡು ಹೋಗಿ ನಿದ್ದೆಗಣ್ಣಿನಂತೆ ಕಾಣುತ್ತದೆ. ಅದಕ್ಕಿಂತ ಎದುರಿನಿಂದ ಬೆಳಕು ಕೊಟ್ಟು, ಬೆಳಕಿಗೆ ತಕ್ಕಂತೆ ಕ್ಯಾಮೆರಾ ತಾನೇ ಹೊಂದಿಸಿಕೊಳ್ಳುವ ಆಟೋ ಎಕ್ಸ್‌ಪೋಶರ್ ಆಫ್ ಮಾಡಿ -6ಕ್ಕೆ (ಅಂದರೆ 1/64 ಸೆಕೆಂಡ್) ನಿಲ್ಲಿಸಿ ನೋಡಿ. ಕನ್ನಡಕದ ಮೇಲೆ ಪಕ್ಕದ ಪರದೆಯ ಬಿಳಿ ಕಿಟಕಿ ಹೊಳೆಯುತ್ತಿದ್ದರೆ ಪಾಪೆಯೇ ಮುಚ್ಚಿಹೋಗುತ್ತದೆ. ಆ ಮಾನಿಟರಿಗೆ ಡಾರ್ಕ್ ಥೀಮ್ ಹಾಕಿ. ಇಷ್ಟಾದರೂ ಬಗ್ಗದಿದ್ದರೆ ಅವತಾರಿನ ಕಣ್ಣನ್ನು ಎಡಬಲ ಹೊರಳಿಸುವ ಪ್ಯಾರಮ್‌ಐಬಾಲ್‌ಎಕ್ಸ್‌ಗೆ ಕಣ್ಣಿನ ಇನ್‌ಪುಟ್ ತೆಗೆದು, ತಲೆ ಎಷ್ಟು ತಿರುಗಿದೆ ಎಂದು ಹೇಳುವ ಫೇಸ್‌ಆ್ಯಂಗಲ್‌ಎಕ್ಸ್ ಕೊಡಿ: ಇನ್ -25ರಿಂದ 25, ಔಟ್ -0.8ರಿಂದ 0.8. ತಲೆ ತಿರುಗಿದತ್ತ ಕಣ್ಣೂ ಹೋಗುತ್ತದೆ. ಮೋಸವೇ, ಆದರೆ ನೋಡುವವರಿಗೆ ಗೊತ್ತಾಗುವುದಿಲ್ಲ.

ಫೇಸ್ ಐಡಿ ಇರುವ ಐಫೋನ್ ಇದ್ದರೆ ಎರಡು ಮಾತಿಲ್ಲ, ಅದೇ ಮೇಲು. ಐಫೋನಿನಲ್ಲಿ ಮುಖ ಹಿಡಿಯುವ ತಂತ್ರಾಂಶವಾದ ಎಆರ್‌ಕಿಟ್ ಮುಖದ ಚಲನೆಗೆ ಕೊಡುವ 52 ಅಳತೆಗಳಲ್ಲಿ, ಅಂದರೆ ಬ್ಲೆಂಡ್‌ಶೇಪ್‌ಗಳಲ್ಲಿ ಎಂಟು ಬರೀ ನೋಟದ ದಿಕ್ಕಿಗೆ ಮೀಸಲು. ತೊಂದರೆ ಬರುವುದು ಫೋನ್ ಇಡುವ ಜಾಗದಿಂದ. ನಡುವೆ ಜಾಗವಿಲ್ಲವೆಂದು ಮೇಜಿನ ತುದಿಗೆ ಇಟ್ಟರೆ ಕ್ಯಾಲಿಬ್ರೇಟ್ (ಈಗಿನ ಭಂಗಿಯನ್ನೇ ನೇರ ಎಂದು ಗುರುತಿಸುವ ಗುಂಡಿ) ಒತ್ತಿದಾಗ ಸೊನ್ನೆಯೇನೋ ಸರಿಯಾಗುತ್ತದೆ, ಆದರೆ ಫೋನ್ ಇಲ್ಲದ ಬದಿಗೆ ತಿರುಗಿದಾಗ ಮುಖ ಬೇಗ ಮರೆಯಾಗಿ ಅವತಾರ್ ಹಾಗೇ ಕಲ್ಲಾಗುತ್ತದೆ. ಎರಡೂ ಮಾನಿಟರ್ ಸಮನಾಗಿ ಬಳಸುವವರು ಅವುಗಳ ಕೂಡುಜಾಗದ ಎದುರು ಕೂತು, ಫೋನನ್ನೂ ಅಲ್ಲೇ ನಿಲ್ಲಿಸಲಿ. ಆಗ ಎರಡರ ಮಧ್ಯವೂ ಬರೀ 23 ಡಿಗ್ರಿ ಆಚೀಚೆ.

ನೋಟ ಎಲ್ಲಿದೆ ಎಂದು ಪತ್ತೆಹಚ್ಚುವ ಸಾಧನವಾದ ಟೋಬಿ ಐ ಟ್ರ್ಯಾಕರ್ 5 ಒಂದೇ ಪರದೆಗೆಂದು ಮಾಡಿದ್ದು. ಅದರ ಮಟ್ಟಿಗೆ ಬಹಳ ಚುರುಕು, ಆದರೆ ಪಕ್ಕದ ಪರದೆಗೆ ನೋಟ ಹೋದರೆ ಅದಕ್ಕೆ ಸುಳಿವಿಲ್ಲ. ಈ ಕೆಲಸಕ್ಕೆಂದೇ ಕೊಳ್ಳುವುದು ಬೇಡ.

ಮೌಸ್ ಹಿಂದೆ ಕಣ್ಣು ಓಡಿಸುವುದು ಚಿತ್ರ ಬಿಡಿಸುವವರಿಗೆ ಸಾಕು. ಚಾಟ್ ಓದುವಾಗ ಮೌಸ್ ಕದಲುವುದಿಲ್ಲವಾದ್ದರಿಂದ ಕಣ್ಣೂ ಕದಲದು. ಸಾಫ್ಟ್‌ವೇರ್ ಎರಡೂ ಪರದೆ ಸೇರಿಸಿ -1ರಿಂದ 1 ಎಂದು ಎಣಿಸಿದರೆ ಎಡಗಡೆಯ ಮುಖ್ಯ ಪರದೆಯ ಮಧ್ಯ -0.5 ಆಗುತ್ತದೆ, ಅವತಾರ್ ಸದಾ ಓರೆಗಣ್ಣು. ಇನ್‌ಪುಟ್ -2ರಿಂದ 1, ಔಟ್‌ಪುಟ್ -1ರಿಂದ 1 ಎಂದು ಬದಲಿಸಿ, -0.5 ಸರಿಯಾಗಿ ಸೊನ್ನೆಗೆ ಬಂದು ಕೂರುತ್ತದೆ.

ಯಾವುದನ್ನು ಆರಿಸಿದರೂ ಮೊದಲು ತಲೆ ಅಲ್ಲಾಡಿಸದೆ ಬಲಕ್ಕೆ ನೋಡಿ, ಆಮೇಲೆ ತಲೆಯನ್ನಷ್ಟೇ ಬಲಕ್ಕೆ ತಿರುಗಿಸಿ. ಎರಡೂ ಒಂದೇ ದಿಕ್ಕಿಗೆ ಹೋಗದಿದ್ದರೆ ಮಿರರ್ (ಎಡಬಲ ತಿರುವು) ಒಂದಕ್ಕೆ ಮಾತ್ರ ಬಿದ್ದಿದೆ. ಕಣ್ಣಿನ ಔಟ್‌ಪುಟ್ಟಿನ -1 ಮತ್ತು 1 ಅದಲುಬದಲು ಮಾಡಿ. ವೆಬ್‌ಕ್ಯಾಮ್‌ನಲ್ಲಿ ಕಣ್ಣು ಎತ್ತಲೂ ಹೊರಳದೆ ನೆಟ್ಟ ನೋಟದಲ್ಲೇ ಇದ್ದರೆ, ನಡುವೆ ಯಾವುದೋ ವರ್ಚುವಲ್ ಕ್ಯಾಮೆರಾದಲ್ಲಿ (ಚಿತ್ರವನ್ನು ತಿದ್ದಿ ಮುಂದೆ ಕಳಿಸುವ ಸಾಫ್ಟ್‌ವೇರ್) ‘ಐ ಕಾಂಟ್ಯಾಕ್ಟ್’ ಎಫೆಕ್ಟ್ ಆನ್ ಇದೆಯೇ ನೋಡಿ. ಕ್ಯಾಮೆರಾ ಕಡೆಗೇ ತಿದ್ದಿದ ಕಣ್ಣು ಟ್ರ್ಯಾಕರಿಗೆ ಹೋಗುತ್ತಿರುತ್ತದೆ.