ಕೇಂದ್ರದ ನದಿ ಯೋಜನೆಗೆ ತಕರಾರು: ಮಾತುಕತೆಯೋ, ನ್ಯಾಯಮಂಡಳಿಯೋ, ಸುಪ್ರೀಂ ಕೋರ್ಟೋ?

ಹಲವು ರಾಜ್ಯಗಳಲ್ಲಿ ಹರಿಯುವ ನದಿಗೆ ಕೇಂದ್ರ ಯೋಜನೆ ಹಾಕಿದೆ, ರಾಜ್ಯಕ್ಕೆ ಒಪ್ಪಿಗೆ ಇಲ್ಲ. ಯಾವ ದಾರಿ ಹಿಡಿಯಬೇಕು ಅಂತ ಕೇಳಿದ್ದೀರಿ. ಮೊದಲು ತಕರಾರು ಯಾವುದರ ಮೇಲೆ ಅಂತ ನೋಡಿ.

ಸಮಯದ ಲೆಕ್ಕದಲ್ಲಿ ಯಾವುದೂ ಬೇಗ ಮುಗಿಯಲ್ಲ. ಕಾವೇರಿ ನ್ಯಾಯಮಂಡಳಿ 1990ರಲ್ಲಿ ರಚನೆಯಾಯಿತು, ಅಂತಿಮ ತೀರ್ಪು ಬಂದದ್ದು 2007ರಲ್ಲಿ. ಮಾತುಕತೆಯೂ ಅಷ್ಟೇ: ಕೆನ್-ಬೆತ್ವಾ ನದಿಗಳ ಜೋಡಣೆಗೆ ಮಧ್ಯಪ್ರದೇಶ, ಉತ್ತರಪ್ರದೇಶ 2005ರಲ್ಲೇ ಮೊದಲ ಒಪ್ಪಂದ ಮಾಡಿಕೊಂಡರೂ ಅಂತಿಮ ಸಹಿ ಬಿದ್ದದ್ದು 2021ರಲ್ಲಿ. ಆದರೆ ಮಾತುಕತೆಯಲ್ಲಿ ಒಂದು ಲಾಭವಿದೆ. ನೀರಿನ ಜೊತೆ ದುಡ್ಡು, ಪುನರ್ವಸತಿ ಎಲ್ಲವನ್ನೂ ಒಟ್ಟಿಗೆ ಕೇಳಬಹುದು. ಕೇಂದ್ರಕ್ಕೆ ನಿಮ್ಮ ಸಹಿ ಬೇಕಾಗಿರುವಾಗ ಇದೇ ಒಳ್ಳೆಯ ದಾರಿ.

ಜಗಳ ರಾಜ್ಯಗಳ ನಡುವಿನ ನೀರಿನ ಪಾಲಿನದ್ದಾದರೆ 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆಯ ನ್ಯಾಯಮಂಡಳಿಯೇ ಸರಿ. ಅದರ ತೀರ್ಪಿಗೆ ಸುಪ್ರೀಂ ಕೋರ್ಟ್ ಡಿಕ್ರಿಯ (ಆದೇಶದ) ಬಲ ಇದೆ, ಆದರೆ ಅದಕ್ಕೆ ಮೊದಲು ಸರ್ಕಾರದ ಗೆಜೆಟ್‌ನಲ್ಲಿ ಅಧಿಸೂಚನೆಯಾಗಿ ಬರಬೇಕು. ಇಲ್ಲೇ ಸಿಕ್ಕಿಹಾಕಿಕೊಳ್ಳೋದು. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟರೂ ಕೋರ್ಟ್ ತಡೆಯಿಂದ ಅಧಿಸೂಚನೆ ನಿಂತೇ ಹೋಯಿತು.

ಕೇಂದ್ರ ತನ್ನ ಅಧಿಕಾರ ಮೀರಿದೆ ಅನ್ನೋದೇ ತಕರಾರಾ? ಹಾಗಾದರೆ ಸಂವಿಧಾನದ 131ನೇ ವಿಧಿಯ ಅಡಿ ನೇರ ಸುಪ್ರೀಂ ಕೋರ್ಟ್‌ಗೆ ಹೋಗಬಹುದು. ಪಾಲಿನ ಜಗಳವನ್ನೇ ನೇರ ಅಲ್ಲಿಗೆ ಒಯ್ದರೆ ನ್ಯಾಯಮಂಡಳಿಗೆ ಹೋಗಿ ಅಂದುಬಿಡಬಹುದು. ಆದರೆ ನ್ಯಾಯಮಂಡಳಿಯ ತೀರ್ಪಿನ ಮೇಲೆ ಅಲ್ಲಿ ಮೇಲ್ಮನವಿ ನಡೆಯುತ್ತದೆ: 2018ರಲ್ಲಿ ಕರ್ನಾಟಕದ ಕಾವೇರಿ ಪಾಲು 270ರಿಂದ 284.75 ಟಿಎಂಸಿಗೆ ಏರಿದ್ದು ಹೀಗೆಯೇ.