ಡಿನ್ನರ್ ಶೋ ಟ್ಯಾಂಗೊ, ಮಿಲೋಂಗಾ ಟ್ಯಾಂಗೊ: ದುಡ್ಡು ಎಲ್ಲಿ ಹಾಕಬೇಕು?

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೊರಟ ಸ್ನೇಹಿತರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಟ್ಯಾಂಗೊ ಎಲ್ಲಿ ನೋಡಬೇಕು? ನಮ್ಮವರ ಆಫೀಸಿನ ಕೆಲಸದಿಂದಾಗಿ ಕೆಲವು ತಿಂಗಳು ಅಲ್ಲಿದ್ದು ಬಂದವಳು ನಾನು. ನನ್ನ ಉತ್ತರವೂ ಒಂದೇ. ಡಿನ್ನರ್ ಶೋ ಬಿಡಿ, ಮಿಲೋಂಗಾಗೆ ಹೋಗಿ. ಮಿಲೋಂಗಾ ಎಂದರೆ ಊರಿನವರೇ ಬಂದು ಕುಣಿಯುವ ಕೂಟ. ಅಲ್ಲಿ ಸ್ಟೇಜಿಲ್ಲ, ಪ್ರೇಕ್ಷಕರೂ ಇಲ್ಲ. ಶೋ ಟಿಕೆಟ್ಟಿಗೆ ಇಬ್ಬರಿಂದ ಇನ್ನೂರು ಡಾಲರಿಗೂ ಮೇಲೆ ಸುರಿದು ಬಂದವಳ ಮಾತಿದು, ನಡುವೆ ಹೊಟ್ಟೆಯುರಿ ಇಣುಕಿದರೆ ಹೊಂದಿಸಿಕೊಂಡು ಓದಿ.

ಶೋ ಮನೆಯ ಹೆಸರು ಹೇಳುವುದಿಲ್ಲ. ಹೇಳಿಯೂ ಪ್ರಯೋಜನವಿಲ್ಲ, ಪ್ಯಾಕೇಜಿನ ಸ್ವರೂಪ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಹೋಟೆಲಿನಿಂದ ಪಿಕಪ್, ಮೂರು ಬಗೆ ಊಟ, ವೈನ್, ಆಮೇಲೆ ಆಟ. ಪಿಕಪ್ ವ್ಯಾನು ನಮ್ಮನ್ನು ಹತ್ತಿಸಿಕೊಂಡ ಮೇಲೆ ಊರಿನ ಅರ್ಧ ಹೋಟೆಲುಗಳ ಬಾಗಿಲಲ್ಲಿ ನಿಂತು ನಿಂತು ಹೋಯಿತು. ಉದ್ದನೆಯ ಮೇಜು ಸ್ಟೇಜಿಗೆ ಅಡ್ಡಲಾಗಿ ಇತ್ತು, ಹಾಗಾಗಿ ಊಟ ಮಾಡುವಾಗ ಎದುರಿನ ಅಪರಿಚಿತರ ಮುಖ, ಆಟ ನೋಡುವಾಗ ಕತ್ತಿಗೆ ಕೆಲಸ. ದನದ ಮಾಂಸಕ್ಕೆ ಹೆಸರಾದ ದೇಶ ಅದು. ಸಸ್ಯಾಹಾರ ಎಂದಿದ್ದಕ್ಕೆ ಟೊಮೇಟೊ ಸಾಸಿನಲ್ಲಿ ಮುಳುಗಿಸಿದ ರವಿಯೋಲಿ ಬಂತು. ರುಚಿಗೆ ಮೋಸವಿಲ್ಲ, ಕೊಟ್ಟ ಬೆಲೆಗೆ ಮಾತ್ರ ಮೋಸ.

ಕುಣಿತವನ್ನು ತೆಗಳಲಾರೆ. ಕುಣಿದವರೆಲ್ಲ ಪಳಗಿದವರು. ಕಾಲು ಭುಜದೆತ್ತರಕ್ಕೆ ಹಾರುತ್ತದೆ, ಗಂಡಸು ಹೆಂಗಸನ್ನು ಎತ್ತಿ ತಿರುಗಿಸುತ್ತಾನೆ, ಲೈಟು ಕೆಂಪಾಗುತ್ತದೆ, ಜನ ಚಪ್ಪಾಳೆ ಹೊಡೆಯುತ್ತಾರೆ. ನಡುವೆ ಒಬ್ಬ ಗೌಚೊ, ಅಂದರೆ ಅಲ್ಲಿನ ಕುದುರೆ ಸವಾರ ದನಗಾಹಿಯ ವೇಷಧಾರಿ, ಹಗ್ಗಕ್ಕೆ ಕಟ್ಟಿದ ಗುಂಡುಗಳನ್ನು ನೆಲಕ್ಕೆ ಬಡಿಯುತ್ತ ತಿರುಗಿಸಿ ಹೋದ. ಟ್ಯಾಂಗೊಗೂ ಅವನಿಗೂ ಏನು ಸಂಬಂಧ ಎಂದು ಪಕ್ಕದವರನ್ನು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಬ್ಯೂನಸ್ ಐರಿಸ್‌ನಲ್ಲಿ 2003ರಿಂದ ನಡೆಯುವ ವಿಶ್ವ ಟ್ಯಾಂಗೊ ಸ್ಪರ್ಧೆಯಲ್ಲೇ ಸ್ಟೇಜಿನ ಟ್ಯಾಂಗೊ ಬೇರೆ ವಿಭಾಗ, ಮಿಲೋಂಗಾದಂಥ ಡ್ಯಾನ್ಸ್ ಹಾಲಿನ ಟ್ಯಾಂಗೊ ಬೇರೆ ವಿಭಾಗ. ಹಾಲಿನ ವಿಭಾಗದಲ್ಲಿ ಹಾರುವಂತಿಲ್ಲ, ಹಾಡು ಮುಗಿಯುವವರೆಗೆ ಅಪ್ಪುಗೆ ಬಿಡುವಂತಿಲ್ಲ. ಅಂದರೆ ಶೋನಲ್ಲಿ ನೀವು ನೋಡುವುದು ಮಿಲೋಂಗಾದ ಟ್ಯಾಂಗೊಗೆ ಮೇಕಪ್ ಹಚ್ಚಿದ್ದಲ್ಲ, ಅದು ಬೇರೆಯೇ ಆಟ.

ಶೋಗೆ ಒಂದು ವಿಷಯದಲ್ಲಿ ಪೂರ್ತಿ ಅಂಕ ಕೊಡುತ್ತೇನೆ, ಬ್ಯಾಂಡೋನಿಯನ್ ಎಂಬ ವಾದ್ಯ. ಮಿಲೋಂಗಾದಲ್ಲಿ ಹೆಚ್ಚಿನ ದಿನ ಡಿಜೆ ಹಾಕುವ ಹಳೆಯ ರೆಕಾರ್ಡುಗಳೇ ಗತಿ. ಇಲ್ಲಿ ಅದನ್ನು ನುಡಿಸುವವರು ಕಣ್ಣೆದುರೇ ಕೂತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯಲ್ಲಿ ಹುಟ್ಟಿದ ಪೆಟ್ಟಿಗೆ ಅದು. ನಮ್ಮ ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿದರೆ ಒಂದೇ ಸ್ವರ. ಇದರಲ್ಲಿ ತಿದಿ ಎಳೆಯುವಾಗ ಒಂದು ಸ್ವರ, ಅದೇ ಗುಂಡಿಯಲ್ಲಿ ತಿದಿ ಮುಚ್ಚುವಾಗ ಇನ್ನೊಂದು. ಆತ ಪೆಟ್ಟಿಗೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಎರಡೂ ತುದಿ ಕೆಳಕ್ಕೆ ಬೀಳುವಂತೆ ಬಿಚ್ಚುತ್ತಿದ್ದ. ಪೂರ್ತಿ ಬಿಚ್ಚಿಕೊಂಡ ಮೇಲೆ ಬಲಗೈ ಹೆಬ್ಬೆರಳಿನಿಂದ ಒಂದು ಲಿವರ್ ಒತ್ತಿ, ಒಳಗಿನ ಗಾಳಿಯನ್ನು ಬುಸ್ಸೆಂದು ಹೊರಬಿಟ್ಟು, ಕಣ್ಣು ಮಿಟುಕಿಸುವುದರೊಳಗೆ ಮುಚ್ಚಿ, ಮುಂದಿನ ಸಾಲಿಗೆ ಸಿದ್ಧನಾಗುತ್ತಿದ್ದ. ಆ ಬುಸ್ಸೆನ್ನುವ ಉಸಿರು ರೆಕಾರ್ಡಿನಲ್ಲಿ ಕಿವಿಗೆ ಬೀಳುವುದೇ ಇಲ್ಲ. ಆ ರಾತ್ರಿ ನನಗೆ ದಕ್ಕಿದ್ದು ಅಷ್ಟು.

ಈಗ ಮಿಲೋಂಗಾ. ಒಳಗೆ ಹೋಗಲು ಕೊಟ್ಟ ಟಿಕೆಟ್ಟು ಒಂದು ಸಾಧಾರಣ ಪಿಜ್ಜಾದ ಬೆಲೆಯಷ್ಟು. ಒಂದು ಬಾಟಲಿ ನೀರು ತಗೊಂಡು ಬೆಳಗಿನ ಜಾವದವರೆಗೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ತಡರಾತ್ರಿಗೇ ರಂಗೇರುವುದರಿಂದ ಬೇಗ ಮಲಗುವವರಿಗೆ ಕಷ್ಟ. ನಾನು ಗೂಬೆ ಜಾತಿ, ತೊಂದರೆಯಾಗಲಿಲ್ಲ.

ನನಗೆ ತೊಂದರೆ ಕೊಟ್ಟದ್ದು ಒಂದೇ, ಆದರೆ ಚೆನ್ನಾಗಿ ಕೊಟ್ಟಿತು. ಅದರ ಹೆಸರು ಕಾಬೆಸೇಯೊ. ಸಾಂಪ್ರದಾಯಿಕ ಮಿಲೋಂಗಾದಲ್ಲಿ ಯಾರೂ ಮೇಜಿನ ಹತ್ತಿರ ಬಂದು ಕೈ ಚಾಚಿ ‘ಕುಣಿಯೋಣವೇ’ ಎಂದು ಕೇಳುವುದಿಲ್ಲ. ಹಾಲಿನ ಆಚೆ ಬದಿಯಿಂದ ಕಣ್ಣಿಗೆ ಕಣ್ಣು ಕೂಡಿಸುತ್ತಾರೆ. ನೀವೂ ನೋಡುತ್ತಲೇ ಇದ್ದರೆ ಆತ ತಲೆಯನ್ನು ಒಂಚೂರು ಆಡಿಸುತ್ತಾನೆ. ನೀವು ಒಪ್ಪಿಗೆಯೆಂದು ತಲೆಯಾಡಿಸಬೇಕು, ಬೇಡವೆಂದರೆ ಕಣ್ಣು ಬೇರೆ ಕಡೆ ತಿರುಗಿಸಬೇಕು. ಒಪ್ಪಿದರೂ ಕೂತಲ್ಲೇ ಕೂತಿರಬೇಕು, ಆತ ಎದುರಿಗೆ ಬಂದು ನಿಂತ ಮೇಲೆ ಏಳಬೇಕು. ಏಕೆಂದರೆ ಆತ ತಲೆಯಾಡಿಸಿದ್ದು ನಿಮ್ಮ ಹಿಂದಿನ ಸಾಲಿನವರಿಗೂ ಇರಬಹುದು. ಬೇಡವೆಂದದ್ದು ಇನ್ನೊಬ್ಬರಿಗೆ ತಿಳಿಯದಂತೆ ಮುಗಿಯುವುದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಕಟ್ಟಳೆ ಏನೋ ಚೆನ್ನಾಗಿಯೇ ಇದೆ.

ಆದರೆ ಕನ್ನಡಕ ಹಾಕುವವರಿಗೆ, ಮಂದ ಬೆಳಕಿನಲ್ಲಿ, ಇಪ್ಪತ್ತು ಅಡಿ ಆಚೆಯವರು ನನ್ನನ್ನು ನೋಡುತ್ತಿದ್ದಾರೋ ಗೋಡೆ ಗಡಿಯಾರವನ್ನೋ ಎಂದು ತಿಳಿಯುವುದು ಹೇಗೆ? ಸಾಲದ್ದಕ್ಕೆ ನಮ್ಮ ತಲೆ. ‘ಆಯ್ತು, ಬನ್ನಿ’ ಎನ್ನಲು ನಾವು ತಲೆಯನ್ನು ಎಡಕ್ಕೂ ಬಲಕ್ಕೂ ಓಲಾಡಿಸುತ್ತೇವಲ್ಲ, ಹುಟ್ಟಿದಾಗಿನಿಂದ ಬಂದದ್ದು ಒಂದು ಸಂಜೆಯಲ್ಲಿ ಹೋಗುತ್ತದೆಯೇ? ಬಿಳಿ ಮೀಸೆಯ ಹಿರಿಯರೊಬ್ಬರು, ನೋಡಲು ಅದ್ಭುತವಾಗಿ ಕುಣಿಯುತ್ತಿದ್ದವರು, ನೇರ ನನ್ನತ್ತ ತಲೆಯಾಡಿಸಿದರು. ನನ್ನ ತಲೆ ತಾನಾಗಿಯೇ ಓಲಾಡಿತು. ಅವರು ಅದನ್ನು ‘ಬೇಡ’ ಎಂದು ಓದಿಕೊಂಡು, ಸೌಜನ್ಯದಿಂದ ಮುಗುಳ್ನಕ್ಕು, ಪಕ್ಕದ ಮೇಜಿನ ಹೆಂಗಸನ್ನು ಕರೆದುಕೊಂಡು ಹೋದರು. ಎದ್ದು ಹೋಗಿ ‘ಸ್ವಾಮಿ, ನಾನು ಹೂಂ ಅಂದಿದ್ದು’ ಎಂದು ಹೇಳುವಂತೆಯೂ ಇಲ್ಲ. ಆಮೇಲೆ ಮನೆಯಲ್ಲಿ ಕನ್ನಡಿ ಮುಂದೆ ನಿಂತು ತಲೆಯನ್ನು ಮೇಲೆ ಕೆಳಗೆ ಆಡಿಸುವ ಅಭ್ಯಾಸ ಮಾಡಿದ್ದೂ ಆಯಿತು. ನಮ್ಮವರು ನೋಡಿ ನಕ್ಕಿದ್ದು ಬೇರೆ.

ಗಂಡ ಹೆಂಡತಿ ಜೊತೆಗೆ ಹೋಗುವವರಿಗೆ ಇದೇ ಕಟ್ಟಳೆಯ ಇನ್ನೊಂದು ಬಾಲವಿದೆ. ಇಬ್ಬರೂ ಒಂದೇ ಮೇಜಿನಲ್ಲಿ ಕೂತರೆ, ‘ಇವರು ಜೋಡಿ’ ಎಂದುಕೊಂಡು ನಿಮ್ಮತ್ತ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನಮ್ಮವರಿಗೆ ಕುಣಿತ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಅವರ ಪಕ್ಕ ಕೂತಿದ್ದರಿಂದ ಮೊದಲ ರಾತ್ರಿಯೆಲ್ಲ ನಾನು ಬೆಂಚು ಕಾದೆ. ಗಂಡಸರ ಸಾಲು, ಹೆಂಗಸರ ಸಾಲು ಬೇರೆಬೇರೆ ಇರುವ ಕಡೆ ಬೇರೆಯಾಗಿಯೇ ಒಳಗೆ ಬನ್ನಿ, ಕೂರಿಸುವವರಿಗೆ ‘ಒಬ್ಬಳೇ’ ಎಂದು ಹೇಳಿ. ನಮ್ಮವರು ಬಾರಿನ ಮೂಲೆಯಲ್ಲಿ ಕ್ರಿಕೆಟ್ ಸ್ಕೋರು ನೋಡುತ್ತ ಸುಖವಾಗಿದ್ದರು. ಇನ್ನೊಂದು ಎಚ್ಚರಿಕೆ: ಹಾಡು ಮುಗಿದ ಕೂಡಲೇ ಬಾಯಿ ತಪ್ಪಿ ‘ಗ್ರಾಸಿಯಾಸ್’ ಎನ್ನಬೇಡಿ. ಸುತ್ತು ಮುಗಿಯುವ ಮೊದಲು ಥ್ಯಾಂಕ್ಸ್ ಹೇಳಿದರೆ ಸಾಕು, ಬಿಡಿ ಎಂದರ್ಥ.

ಸುತ್ತು ಎಂದೆನಲ್ಲ, ಮಿಲೋಂಗಾ ನನ್ನನ್ನು ಗೆದ್ದುಕೊಂಡದ್ದೇ ಅದರಿಂದ. ಹಾಡುಗಳು ತಂದಾ ಎಂಬ ಕಂತುಗಳಲ್ಲಿ ಬರುತ್ತವೆ. ಸಾಮಾನ್ಯವಾಗಿ ನಾಲ್ಕು ಟ್ಯಾಂಗೊ, ನಾಲ್ಕೂ ಒಂದೇ ಆರ್ಕೆಸ್ಟ್ರಾದವು. ನಡುವೆ ಕೊರ್ತೀನಾ, ಅಂದರೆ ಟ್ಯಾಂಗೊ ಅಲ್ಲದ ಯಾವುದೋ ಹಾಡಿನ ತುಣುಕು. ಅದು ಕೇಳಿದ ಕೂಡಲೇ ನೆಲ ಖಾಲಿಯಾಗುತ್ತದೆ, ಹೊಸ ಜೋಡಿಗಳು ಕೂಡುತ್ತವೆ. ಹೆಚ್ಚಿನ ರೆಕಾರ್ಡುಗಳು 1930ರ ದಶಕದ ನಡುವಿನಿಂದ 50ರ ದಶಕದವರೆಗಿನವು. ಯಾವ ಆರ್ಕೆಸ್ಟ್ರಾ ಎಂದು ಮೊದಲ ಕೆಲವು ಕ್ಷಣಗಳಲ್ಲೇ ಗುರುತಿಸಿ, ಅದಕ್ಕೆ ತಕ್ಕ ಜೊತೆಗಾರನನ್ನು ಕಣ್ಣಿನಲ್ಲಿ ಹುಡುಕುವುದೇ ಅಲ್ಲಿನ ಜಾಣತನ. ಹುವಾನ್ ದಾರಿಯೆನ್ಸೊ ಅವರ ಆರ್ಕೆಸ್ಟ್ರಾ ಬಂದರೆ ತಾಳ ಕಾಲನ್ನು ಸುಮ್ಮನಿರಲು ಬಿಡುವುದಿಲ್ಲ. 1935ರ ಕೊನೆಯಲ್ಲಿ ರೊದೊಲ್ಫೊ ಬಿಯಾಜಿ ಪಿಯಾನೊಗೆ ಬಂದ ಮೇಲಿನ ರೆಕಾರ್ಡುಗಳಂತೂ ಚಾಟಿ ಏಟು. ಇನ್ನೊಂದು ಆರ್ಕೆಸ್ಟ್ರಾದ ಕಾರ್ಲೊಸ್ ದಿ ಸಾರ್ಲಿ ನನ್ನಂಥವರ ಪಾಲಿನ ದೇವರು, ಬರೀ ನಡೆದರೂ ಕುಣಿದಂತೆ ಕಾಣುತ್ತದೆ. ಒಸ್ವಾಲ್ದೊ ಪುಗ್ಲಿಯೇಸೆ ಆರ್ಕೆಸ್ಟ್ರಾದ ಹಾಡು ಹಾಕುವುದು ಸಾಮಾನ್ಯವಾಗಿ ರಾತ್ರಿ ಮಾಗಿದ ಮೇಲೆ. ಲಯ ಎಳೆದು, ನಿಲ್ಲಿಸಿ, ಮತ್ತೆ ನೂಕುವ ಸಂಗೀತ, ಪಳಗಿದವರ ಕೈಗೆ ಸಿಕ್ಕರೆ ಮಾತ್ರ ಏಳಿ. ಕೊನೆಯ ಹಾಡು ಲಾ ಕುಂಪಾರ್ಸೀತಾ ಎಂಬುದು ವಾಡಿಕೆ. ತಮಾಷೆಯೆಂದರೆ ಅದನ್ನು ಬರೆದದ್ದು ಉರುಗ್ವೆಯವರು. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಟ್ಯಾಂಗೊ ಸೇರಿದ್ದೂ ಎರಡೂ ದೇಶಗಳ ಹೆಸರಿನಲ್ಲಿ.

ಹೊರಗಿನವರಾದ ನಮಗೆಲ್ಲ ಗೊತ್ತಿರುವ ಟ್ಯಾಂಗೊ ಸಂಗೀತಗಾರ ಆಸ್ತೊರ್ ಪಿಯಾಸೊಲಾ ಮಿಲೋಂಗಾದಲ್ಲಿ ಕಿವಿಗೆ ಬೀಳುವುದೇ ಅಪರೂಪ. ಅವರ ಸಂಗೀತ ಕೇಳುವುದಕ್ಕೆ, ಕುಣಿಯುವುದಕ್ಕಲ್ಲ ಎನ್ನುತ್ತಾರೆ. ಅದೇ ಪಿಯಾಸೊಲಾ ಹುಡುಗನಾಗಿದ್ದಾಗ ಆನಿಬಾಲ್ ತ್ರೊಯ್ಲೊ ಅವರ ಆರ್ಕೆಸ್ಟ್ರಾದಲ್ಲಿ ಬ್ಯಾಂಡೋನಿಯನ್ ನುಡಿಸಿದವರು, ತ್ರೊಯ್ಲೊ ಇಲ್ಲದ ಮಿಲೋಂಗಾ ಇಲ್ಲ! ಪಿಯಾಸೊಲಾ ಬೇಕೇಬೇಕು ಎನ್ನುವವರು ಶೋಗೇ ಹೋಗಬೇಕು.

ಅಪ್ಪುಗೆಯ ಬಗ್ಗೆ ಊರಿನ ಗೆಳತಿಯರು ಪಿಸುಮಾತಿನಲ್ಲಿ ಕೇಳುತ್ತಾರೆ. ಎದೆಗೆ ಎದೆ ತಾಗುವಷ್ಟು ಹತ್ತಿರ ನಿಲ್ಲುವುದು ನಿಜ. ಮೊದಲ ಹಾಡಿನವರೆಗೆ ಮುಜುಗರ. ಆಮೇಲೆ ತಲೆಯಲ್ಲಿ ಉಳಿಯುವುದು ಆತನ ತೂಕ ಯಾವ ಕಾಲಿನ ಮೇಲಿದೆ ಎಂಬ ಲೆಕ್ಕ ಮಾತ್ರ. ಕಿಕ್ಕಿರಿದ ನೆಲದಲ್ಲಿ ಎಲ್ಲ ಜೋಡಿಗಳೂ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತಿರುತ್ತವೆ, ಕಾಲೆತ್ತಿ ಒದ್ದರೆ ಹಿಂದಿನವರ ಮೊಣಕಾಲು ಹೋಗುತ್ತದೆ. ಶೋನಲ್ಲಿ ಶೃಂಗಾರ ಕಣ್ಣಿಗೆ ಹೊಡೆದಂತೆ ಇರುತ್ತದೆ. ಇಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕಣ್ಣು ಮುಚ್ಚಿ, ಆತನ ಕೆನ್ನೆಗೆ ಹಣೆ ಒತ್ತಿ, ಇಡೀ ಹಾಡಿನಲ್ಲಿ ಬರೀ ನಡೆದದ್ದನ್ನು ನೋಡಿದೆ. ಅವರ ಮೇಲಿನಿಂದ ಕಣ್ಣು ಕೀಳಲು ಆಗಲಿಲ್ಲ.

ಮಿಲೋಂಗಾಗಳಲ್ಲೂ ಒಂದೊಂದರ ಬಣ್ಣ ಬೇರೆ. ಪಲೆರ್ಮೊ ಬಡಾವಣೆಯ ಆರ್ಮೇನಿಯನ್ ಕೇಂದ್ರದ ಕಟ್ಟಡದಲ್ಲಿರುವ ಲಾ ವಿರೂತಾದಲ್ಲಿ ಮೊದಲು ಕ್ಲಾಸು, ಆಮೇಲೆ ಮಿಲೋಂಗಾ. ಎಳೆಯರು ಜಾಸ್ತಿ, ಕಟ್ಟಳೆ ಕಡಿಮೆ, ಬಾಯಿಬಿಟ್ಟು ಕೇಳಿದರೂ ನಡೆಯುತ್ತದೆ. ಬೆಳಗಿನ ಜಾವ ಬಿಸಿ ಮೆದಿಯಾಲೂನಾ (ಅರ್ಧಚಂದ್ರಾಕಾರದ ಬನ್ನು) ತಿನ್ನಲು ಅದೇ ಜಾಗ. ವಿಲ್ಯಾ ಉರ್ಕೀಸಾ ಬಡಾವಣೆಯ ಸಂಡರ್‌ಲ್ಯಾಂಡ್ ಕ್ಲಬ್ಬಿನಲ್ಲಿ ನಾನು ನೋಡಿದ ಮಿಲೋಂಗಾ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲೇ ನಡೆಯಿತು. ಮನೆಮಂದಿಯೆಲ್ಲ ಮೇಜು ಹಿಡಿದು ಉಣ್ಣುತ್ತ ಕೂತಿದ್ದರು. ಬೆಳಕು ಝಗಝಗ ಇದ್ದದ್ದರಿಂದ ನನ್ನ ಕನ್ನಡಕಕ್ಕೂ ಕಾಬೆಸೇಯೊಗೂ ಅಲ್ಲಿ ರಾಜಿಯಾಯಿತು. ಬೆಲ್ಗ್ರಾನೊ ಪಾರ್ಕಿನ ಗ್ಲೊರಿಯೆತಾ ಮಂಟಪದಲ್ಲಿ ಟಿಕೆಟ್ಟೇ ಇಲ್ಲ, ಟೋಪಿಗೆ ಕೈಲಾದಷ್ಟು ಹಾಕಿದರಾಯಿತು. ಕ್ಯಾನ್ವಾಸ್ ಶೂ ಹಾಕಿದವರೂ ಕುಣಿಯುತ್ತಾರೆ. ಲಾ ಬೋಕಾದ ಬಣ್ಣದ ಬೀದಿಯಲ್ಲಿ ಕುಣಿಯುವವರ ಜೊತೆ ಫೋಟೊ ತೆಗೆಸಿಕೊಳ್ಳುವುದು ಟ್ಯಾಂಗೊ ಲೆಕ್ಕಕ್ಕೆ ಬರುವುದಿಲ್ಲ, ಫೋಟೊ ಲೆಕ್ಕಕ್ಕೆ ಬರುತ್ತದೆ.

ನನ್ನ ಅಭ್ಯಾಸ, ನನ್ನ ಪರ್ಸು ನೋಡಿ ಹೇಳುವುದಾದರೆ: ಶೋಗೆ ಕೊಟ್ಟ ದುಡ್ಡಿನಲ್ಲಿ ವಾರಗಟ್ಟಲೆ ಮಿಲೋಂಗಾಗೆ ಹೋಗಿ, ನಡುವೆ ಕ್ಲಾಸುಗಳಿಗೂ ಕೊಟ್ಟು, ತಳಕ್ಕೆ ಮೆತ್ತನೆಯ ಚರ್ಮವಿರುವ ಶೂ ತಗೊಳ್ಳಲೂ ಮಿಗುತ್ತಿತ್ತು. ಒಂದೇ ರಾತ್ರಿ ಇರುವವರು, ಹೆಜ್ಜೆ ಬಾರದವರು ಕೂಡ ಲಾ ವಿರೂತಾದ ಶುರುವಿನ ಕ್ಲಾಸಿಗೆ ಹೋಗಿ, ಆಮೇಲೆ ಹಿಂದಿನ ಮೇಜಿನಲ್ಲಿ ಕೂತು ನೋಡಬಹುದು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದು, ಅಷ್ಟು ಹೊತ್ತು ಎಚ್ಚರವಿರಲು ಆಗದು ಎಂದರೆ ಮಾತ್ರ ಶೋ ಸರಿ. ಆಗಲೂ ಊಟವಿಲ್ಲದ ಟಿಕೆಟ್ ಕೇಳಿ, ಹಲವು ಕಡೆ ಕೊಡುತ್ತಾರೆ. ಹೊರಗೆ ತಿಂದು, ಟ್ಯಾಕ್ಸಿಯಲ್ಲಿ ಹೋಗಿ. ಕುಣಿಯುವವರ ಮುಖಕ್ಕಿಂತ ಬ್ಯಾಂಡೋನಿಯನ್ ಚೆನ್ನಾಗಿ ಕಾಣುವ ಕಡೆಯ ಕುರ್ಚಿಯೇ ಬೇಕೆಂದು ಬುಕ್ ಮಾಡುವಾಗಲೇ ಹೇಳಿಬಿಡಿ.